ಪುಟ್ಟ ರೇಸ್ ಕಾರಿನ ಹಿಂದಿನ ಗೇರು ಮತ್ತು ನಾಲ್ಕು ಹಲ್ಲಿನ ಲೆಕ್ಕ

ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಶೆಡ್ಡು. ಚಾಸಿ ಸ್ಟ್ಯಾಂಡಿನ ಮೇಲಿದೆ, ಹಿಂದಿನ ಚಕ್ರ ಎರಡೂ ಬಿಚ್ಚಿವೆ. ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗನೊಬ್ಬ ಮೊಬೈಲಿನಲ್ಲಿ ಅಮೆರಿಕದ ಕ್ವಿಕ್ ಚೇಂಜ್ ಆಕ್ಸಲ್, ಅಂದರೆ ಒಳಗಿನ ಗೇರು ಬೇಗ ಬದಲಾಯಿಸಬಹುದಾದ ಹಿಂದಿನ ಅಚ್ಚು ಒಂದರ ಚಿತ್ರ ನನಗೆ ತೋರಿಸುತ್ತ, ‘ಇದಿದ್ರೆ ಹತ್ತು ನಿಮಿಷದಲ್ಲಿ ರೇಶಿಯೊ ಬದಲಾಯಿಸಬಹುದು ಸಾರ್’ ಅನ್ನುತ್ತಿದ್ದ. ಮೂಲೆಯಲ್ಲಿ ಕೂತು ಟೀ ಕುಡಿಯುತ್ತಿದ್ದ ವೆಲ್ಡರು ಲೋಟ ಕೆಳಗಿಟ್ಟು ಕೇಳಿದ: ‘ವರ್ಷಕ್ಕೆ ಎಷ್ಟು ಸಲ ಬದಲಾಯಿಸ್ತೀಯಪ್ಪ?’

ಹುಡುಗ ಬೆರಳು ಮಡಿಸಿದ. ಎರಡು. ಹೆಚ್ಚೆಂದರೆ ಮೂರು.

ಮೈಸೂರು, ಮಂಡ್ಯದಲ್ಲಿ ಪುಟ್ಟ ರೇಸ್ ಕಾರು ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಫಾರ್ಮುಲಾ ಭಾರತ್, ಬಾಹಾ ಸ್ಪರ್ಧೆಗಳಿಗೆ ತಯಾರಾಗುವ ಕಾಲೇಜು ತಂಡಗಳು ಒಂದು ಕಡೆ, ಭಾನುವಾರದ ಮಣ್ಣಿನ ಮೈದಾನದ ಆಟೊಕ್ರಾಸ್ ರೇಸಿಗೆ ಗುಜರಿ ಸಾಮಾನು ಹೊಂದಿಸಿ ‘ಬಗ್ಗಿ’ ಗಾಡಿ ಮಾಡಿಕೊಳ್ಳುವ ಹವ್ಯಾಸಿಗಳು ಇನ್ನೊಂದು ಕಡೆ. ಎಂಜಿನ್ ಯಾವುದು ಅಂತ ಇವರು ಬೇಗ ನಿರ್ಧರಿಸುತ್ತಾರೆ. ಹಣ ಕರಗುವುದು, ಮಾತು ಬೆಳೆಯುವುದು ಎಂಜಿನ್ನಿನ ಹಿಂದೆ, ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೊನೆಯ ಹಲ್ಲಿನ ಜೋಡಿಯಲ್ಲಿ.

ಆಲೆಮನೆ ನೋಡಿದವರಿಗೆ ಆ ಜೋಡಿಯ ಕೆಲಸವನ್ನು ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ ಎಂಜಿನ್ನು ಒಂದೇ ಸಮನೆ ಬಡಿದುಕೊಳ್ಳುತ್ತಿರುತ್ತದೆ, ಕಬ್ಬು ಅರೆಯುವ ಗಾಣದ ರೋಲರು ಮಾತ್ರ ಆನೆ ನಡಿಗೆಯಲ್ಲಿ ತಿರುಗುತ್ತದೆ. ನಡುವಿನ ಚಿಕ್ಕ ಚಕ್ರ, ದೊಡ್ಡ ಚಕ್ರ ವೇಗವನ್ನು ಬಲಕ್ಕೆ ಮಾರಿಕೊಂಡಿರುತ್ತವೆ. ಕಾರಿನ ಹಿಂದೆಯೂ ಅದೇ ವ್ಯಾಪಾರ. ರೇಶಿಯೊ, ಅಂದರೆ ಚಿಕ್ಕ ಚಕ್ರದ ಹಲ್ಲಿಗೆ ದೊಡ್ಡದರ ಹಲ್ಲು ಎಷ್ಟು ಪಟ್ಟು ಅನ್ನುವುದು, ಹೆಚ್ಚಿದರೆ ಎಳೆತ ಹೆಚ್ಚು, ವೇಗ ಕಡಿಮೆ. ಕಡಿಮೆಯಾದರೆ ಉಲ್ಟಾ.

ಈ ಜೋಡಿಯನ್ನು ಬದಲಾಯಿಸಲು ಪುಟ್ಟ ಕಾರುಗಳಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಸಾದಾ ಕಾರು ಅಥವಾ ಜೀಪಿನ ಆಕ್ಸಲ್, ಒಳಗೆ ಕ್ರೌನ್ ಅನ್ನುವ ದೊಡ್ಡ ಗೇರು, ಅದನ್ನು ತಿರುಗಿಸುವ ಪಿನಿಯನ್ ಅನ್ನುವ ಚಿಕ್ಕ ಗೇರು. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಗಟ್ಟಿಮುಟ್ಟು, ಭಾರವೂ ಜಾಸ್ತಿಯೇ. ಆದರೆ ಅಲ್ಲಿ ರೇಶಿಯೊ ಬದಲಾವಣೆ ಅಂದರೆ ಶಸ್ತ್ರಚಿಕಿತ್ಸೆ. ಕ್ರೌನ್ ಪಿನಿಯನ್ ಜೋಡಿಯಾಗಿಯೇ ಬರುತ್ತದೆ, ಒಂದಕ್ಕೊಂದು ತಿಕ್ಕಿ ಹೊಂದಿಸಿದ ಗಂಡಹೆಂಡತಿ ಅದು. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕುವಂತಿಲ್ಲ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಅನ್ನುವುದಕ್ಕೆ ಶಿಮ್ಮು ಅನ್ನುವ ತೆಳು ಬಿಲ್ಲೆ, ಬೇರಿಂಗಿಗೆ ಪ್ರಿಲೋಡ್ ಅನ್ನುವ ಮುಂಗಡ ಬಿಗಿತ, ಹಲ್ಲು ಹಲ್ಲಿನ ನಡುವೆ ಕೂದಲೆಳೆಯಷ್ಟು ಪ್ಲೇ, ಅಂದರೆ ಸಡಿಲ. ಕೊನೆಗೆ ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ಮಧ್ಯಕ್ಕೆ ಬಿದ್ದಿದೆಯೋ ತುದಿಗೋ ಅಂತ ನೋಡಬೇಕು. ಕೈ ಪಳಗಿದ ಮೇಸ್ತ್ರಿಗೂ ಅರ್ಧ ದಿನ. ಪಳಗದ ಕೈಗೆ ಒಂದು ದಿನ, ಆಮೇಲೆ ಜೀವಮಾನವಿಡೀ ಹೌಸಿಂಗಿನಿಂದ ಕುಂಯ್ ಅನ್ನುವ ಸದ್ದು. ಜಿಪ್ಸಿಯ ಹಿಂದಿನ ಆಕ್ಸಲಿನ ಹಾಗೆ ಒಳಗಿನ ಗುಂಡು ಇಡಿಯಾಗಿ ಮುಂದಿನಿಂದ ಕಳಚಿ ಬರುವ ಮಾದರಿಯಾದರೆ, ಬೇರೆ ರೇಶಿಯೊದ ಇನ್ನೊಂದು ಗುಂಡನ್ನು ಮೊದಲೇ ಹೊಂದಿಸಿಟ್ಟುಕೊಂಡು ಮೈದಾನದಲ್ಲಿ ಅದಲುಬದಲು ಮಾಡಬಹುದು. ಆಗಲೂ ಎಣ್ಣೆ ಇಳಿಸಬೇಕು, ಎರಡು ಹಾಫ್ ಶಾಫ್ಟ್ ಎಳೆಯಬೇಕು.

ಮೈಸೂರಿನವರಿಗೆ ಆಕ್ಸಲ್ ಅಂದರೆ ತುಸು ಹೆಚ್ಚೇ ಪ್ರೀತಿ ಇದ್ದರೆ ತಪ್ಪಿಲ್ಲ. 1981ರಲ್ಲಿ ಶುರುವಾದ ಆಟೊಮೋಟಿವ್ ಆಕ್ಸಲ್ಸ್ ಇಲ್ಲೇ ಹುಣಸೂರು ರಸ್ತೆಯಲ್ಲಿ ಲಾರಿಗಳಿಗೆ ಆಕ್ಸಲ್ ಮಾಡುತ್ತಿದೆ. ಅದರಿಂದ 280 ಕೆಜಿಯ ಕಾರಿಗೇನೂ ಉಪಯೋಗವಿಲ್ಲ, ಊರಿನ ಹೆಮ್ಮೆಗೆ ಹೇಳಿದೆ ಅಷ್ಟೆ.

ಎರಡನೆಯದು ಹುಡುಗ ಕನಸು ಕಾಣುತ್ತಿದ್ದ ಕ್ವಿಕ್ ಚೇಂಜ್. ಇದರಲ್ಲಿ ಕ್ರೌನ್ ಪಿನಿಯನ್ನನ್ನು ಮುಟ್ಟುವುದೇ ಇಲ್ಲ. ಎಂಜಿನ್ ಕಡೆಯಿಂದ ಬಂದ ಶಾಫ್ಟು ಹೌಸಿಂಗಿನ ತಳದಲ್ಲಿ ಹಾದು ಹಿಂದಕ್ಕೆ ಹೋಗುತ್ತದೆ. ಅಲ್ಲಿ ನೇರ ಹಲ್ಲಿನ ಎರಡು ಗೇರುಗಳು ಒಂದರ ಮೇಲೊಂದು ಕೂತು, ಮೇಲಿನದು ಪಿನಿಯನ್ನನ್ನು ತಿರುಗಿಸುತ್ತದೆ. ಹಿಂದಿನ ಮುಚ್ಚಳದ ನಟ್ಟು ಬಿಚ್ಚಿದರೆ ಎರಡೂ ಕೈಗೆ ಸಿಗುತ್ತವೆ, ಎಳೆದು ಬೇರೆ ಜೋಡಿ ತೂರಿಸಿದರೆ ಮುಗಿಯಿತು. ಅದೇ ಜೋಡಿಯನ್ನು ಮೇಲೆ ಕೆಳಗೆ ಮಾಡಿ ಹಾಕಿದರೆ ಇನ್ನೊಂದು ರೇಶಿಯೊ, ಅಂದರೆ ಒಂದು ಜೋಡಿ ಕೊಂಡರೆ ಎರಡು ಲೆಕ್ಕ. ಕ್ಯಾಲಿಫೋರ್ನಿಯಾದ ಟೆಡ್ ಹ್ಯಾಲಿಬ್ರಾಂಡ್ ಎರಡನೇ ಮಹಾಯುದ್ಧದ ನಂತರದ ರೇಸ್ ಕಾರುಗಳಲ್ಲಿ ಇದನ್ನು ಮನೆಮಾತು ಮಾಡಿದ. ಅಲ್ಲಿನ ಮಿಡ್ಜೆಟ್, ಸ್ಪ್ರಿಂಟ್ ಅನ್ನುವ ಪುಟ್ಟ ರೇಸ್ ಕಾರುಗಳಲ್ಲಿ ಇವತ್ತಿಗೂ ಇದೇ.

ಅಲ್ಲಿ ಇದು ಯಾಕೆ ಬೇಕಾಯಿತು ಅನ್ನುವುದರಲ್ಲೇ ನಮಗೆ ಬೇಕಾದ ಉತ್ತರ ಅಡಗಿದೆ. ಮಿಡ್ಜೆಟ್ ಕಾರಿನಲ್ಲಿ ಗೇರ್‌ಬಾಕ್ಸೇ ಇಲ್ಲ. ಕ್ಲಚ್ ಕೂಡ ಇಲ್ಲ. ಎಂಜಿನ್ನನ್ನು ಚಕ್ರಕ್ಕೆ ಸೇರಿಸಲು, ಬಿಡಿಸಲು ಒಂದು ಇನ್-ಔಟ್ ಡಬ್ಬಿ ಇರುತ್ತದೆ ಅಷ್ಟೆ. ಕಾರನ್ನು ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿ ಸ್ಟಾರ್ಟ್ ಮಾಡುತ್ತದೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ರೇಸಿಡೀ ಒಂದೇ ಗೇರು. ಇವತ್ತು ಕಾಲು ಮೈಲಿ ಟ್ರ್ಯಾಕು, ನಾಳೆ ಅರ್ಧ ಮೈಲಿ, ಸಂಜೆ ಹೊತ್ತಿಗೆ ಮಣ್ಣು ಒಣಗಿ ಹಿಡಿತ ಬೇರೆ. ಹಿಂದಿನ ಗೇರೊಂದೇ ಚಾಲಕನಿಗಿರುವ ಗೇರು, ಅದಕ್ಕೇ ಅದು ಹತ್ತು ನಿಮಿಷದಲ್ಲಿ ಬದಲಾಗಬೇಕು. ಕ್ವಿಕ್ ಚೇಂಜ್ ಗೇರ್‌ಬಾಕ್ಸ್ ಇಲ್ಲದ ಬಡತನಕ್ಕೆ ಸಿಕ್ಕ ದುಬಾರಿ ಔಷಧ.

ನಮ್ಮ ಹುಡುಗನ ಕಾರಿನಲ್ಲಿ ಕೆಟಿಎಂ 390 ಡ್ಯೂಕ್ ಬೈಕಿನ 373 ಸಿಸಿ ಎಂಜಿನ್ ಇದೆ. ಅದರ ಹೊಟ್ಟೆಯೊಳಗೇ ಆರು ಗೇರಿನ ಪೆಟ್ಟಿಗೆ. ಕಾಯಿಲೆಯೇ ಇಲ್ಲದವನು ಔಷಧದ ಅಂಗಡಿ ಮುಂದೆ ನಿಂತ ಹಾಗಾಯಿತು.

1992ರಲ್ಲಿ ಅಮೆರಿಕದ ಶಾರ್ಲೆಟ್‌ನಲ್ಲಿ ಶುರುವಾದ ಲೆಜೆಂಡ್ಸ್ ಅನ್ನುವ ರೇಸ್ ಕಾರುಗಳು ಮಿಡ್ಜೆಟ್ಟಿಗೂ ಹುಡುಗನ ಕಾರಿಗೂ ನಡುವಿನವು. ಹಳೇ ಕಾಲದ ಕಾರನ್ನು ಎಂಟರಲ್ಲಿ ಐದು ಪಾಲಿಗೆ ಕುಗ್ಗಿಸಿದ ಮೈ, ಯಮಹಾ ಬೈಕಿನ ಎಂಜಿನ್ನು, ಹಿಂದೆ ಟೊಯೊಟಾ ಮಾದರಿಯ ಸಾದಾ ಆಕ್ಸಲ್ಲು. ಅಗ್ಗದ ರೇಸಿಂಗ್ ಅಂತಲೇ ಹುಟ್ಟಿದ ಅವುಗಳಿಗೂ ಕ್ವಿಕ್ ಚೇಂಜ್ ಅಂಟಿಸಲಿಲ್ಲ.

ಮೂರನೆಯದು ಚೈನು ಮತ್ತು ಅದು ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ಟು. ನಮ್ಮೂರಿನ ಹಳೇ ವಿದ್ಯೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆದರೆ ಯೆಜ್ಡಿಯ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಹೆಚ್ಚುಕಡಿಮೆ ಮಾಡಿ ‘ಪಿಕಪ್’ ತರಿಸುವುದು, ‘ಟಾಪ್’ ತರಿಸುವುದು ಗೊತ್ತಿರುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹುಡುಗರು ಅವರನ್ನು ಕೇಳುವುದಿಲ್ಲ, ಅದು ಬೇರೆ ಮಾತು.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಈ ಎಂಜಿನ್ನಿನ ಡ್ಯೂಕಿನಲ್ಲಿ ಕಂಪನಿಯಿಂದ ಬರುತ್ತಿದ್ದುದು ಮುಂದೆ 15 ಹಲ್ಲು, ಹಿಂದೆ 45, ಅಂದರೆ ರೇಶಿಯೊ 3. ಎಂಜಿನ್ನಿನೊಳಗಿನ ಪ್ರೈಮರಿ, ಅಂದರೆ ಕ್ಲಚ್ಚಿಗೆ ಹೋಗುವ ಮೊದಲ ಗೇರುಜೋಡಿ, 2.67, ಮೊದಲ ಗೇರು ಕೂಡ 2.67. ಎಲ್ಲ ಗುಣಿಸಿದರೆ ಮೊದಲ ಗೇರಿನಲ್ಲಿ ಎಂಜಿನ್ 21 ಸುತ್ತು ಚಿಲ್ಲರೆ ತಿರುಗಿದಾಗ ಚಕ್ರ ಒಂದು ಸುತ್ತು. 10 ಇಂಚಿನ ರಿಮ್ಮಿಗೆ 18 ಇಂಚು ಎತ್ತರದ ಸ್ಲಿಕ್, ಅಂದರೆ ಗೆರೆಯಿಲ್ಲದ ನುಣುಪು ಟೈರು ಹಾಕಿದರೆ ಒಂದು ಸುತ್ತಿಗೆ ಕಾರು ಹೋಗುವುದು ಸುಮಾರು 1.44 ಮೀಟರ್. 9000 ಆರ್‌ಪಿಎಂಗೆ ಗೇರ್ ಬದಲಾಯಿಸುವುದಾದರೆ ಮೊದಲ ಗೇರು 36 ಕಿಮೀಗೆ, ಎರಡನೆಯದು 52ಕ್ಕೆ, ಮೂರನೆಯದು 68ಕ್ಕೆ, ನಾಲ್ಕನೆಯದು 85ಕ್ಕೆ ಮುಗಿಯುತ್ತದೆ.

ಹಿಂದಿನ 45ನ್ನು ತೆಗೆದು 36 ಹಲ್ಲಿನದು ಹಾಕಿ. ಅದೇ ಅಂಕಿಗಳು 45, 65, 85 ಆಗುತ್ತವೆ. ನಾಲ್ಕನೇ ಗೇರಿನಲ್ಲಿ ಮುಟ್ಟುತ್ತಿದ್ದ ವೇಗ ಈಗ ಮೂರರಲ್ಲೇ. 75 ಮೀಟರಿನ ಆಕ್ಸಿಲರೇಶನ್ ಸ್ಪರ್ಧೆಯಲ್ಲಿ ಒಂದು ಶಿಫ್ಟ್, ಅಂದರೆ ಒಂದು ಸಲ ಗೇರ್ ಬದಲಾಯಿಸುವುದು, ಉಳಿಯಿತು. ಒಂದು ಶಿಫ್ಟಿಗೆ ಕಾಲು ಸೆಕೆಂಡು ಅಂದುಕೊಂಡರೂ, ಆ ಕಾಲು ಸೆಕೆಂಡಿಗೆ ಜನ ಕಾರ್ಬನ್ ಫೈಬರಿನ ಮೇಲೆ ದುಡ್ಡು ಸುರಿಯುತ್ತಾರೆ.

‘ಹಾಗಾದ್ರೆ ಎಳೆತ ಕಡಿಮೆಯಾಗಲ್ವಾ?’ ಅಂತ ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 35 ನ್ಯೂಟನ್ ಮೀಟರ್. 45 ಹಲ್ಲಿಟ್ಟರೆ, ನಡುವಿನ ನಷ್ಟ ಕಳೆದು, ಮೊದಲ ಗೇರಿನಲ್ಲಿ ಟೈರು ನೆಲವನ್ನು ಸುಮಾರು 300 ಕೆಜಿ ಬಲದಲ್ಲಿ ಹಿಂದಕ್ಕೆ ತಳ್ಳುತ್ತದೆ. 36ಕ್ಕೆ ಅದು 240. ಆದರೆ ಚಾಲಕನೂ ಸೇರಿ 280 ಕೆಜಿಯ ಕಾರಿನಲ್ಲಿ ಹೊರಡುವ ಹೊತ್ತಿಗೆ ಹಿಂದಿನ ಟೈರುಗಳ ಮೇಲೆ ಕೂರುವುದು 175 ಕೆಜಿಯ ಆಸುಪಾಸು. ಒಳ್ಳೆ ಸ್ಲಿಕ್ಕು, ಒಳ್ಳೆ ಟಾರು ಇದ್ದು ಹಿಡಿತದ ಅಂಕ 1.4 ಅಂತಿಟ್ಟುಕೊಂಡರೂ ಟೈರು ತಡೆಯುವುದು 245 ಕೆಜಿ. ಅದರಾಚೆಯದೆಲ್ಲ ಹೊಗೆ. 45 ಹಲ್ಲಿನಿಂದ ಬಂದ ಹೆಚ್ಚುವರಿ ಎಳೆತವನ್ನು ಆ ಟೈರು ಯಾವತ್ತೂ ನೆಲಕ್ಕೆ ಕೊಟ್ಟಿರಲೇ ಇಲ್ಲ.

ಮಣ್ಣಿಗೆ ಬಂದರೆ ಇನ್ನೂ ಸ್ವಾರಸ್ಯ. ಮಣ್ಣಿನ ಆಟೊಕ್ರಾಸಿಗೆ ದೊಡ್ಡ ಸ್ಪ್ರಾಕೆಟ್ಟೇ ಬೇಕು ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ನಾನೂ ಹಾಗೆಯೇ ನಂಬಿದ್ದೆ. ಆದರೆ ಸಡಿಲ ಮಣ್ಣಿನಲ್ಲಿ ಹಿಡಿತ 0.6ಕ್ಕೆ ಇಳಿಯಿತು ಅಂದುಕೊಳ್ಳಿ, ಟೈರು ತಡೆಯುವುದು ನೂರು ಕೆಜಿ ಚಿಲ್ಲರೆ. ಯಾವ ಸ್ಪ್ರಾಕೆಟ್ ಇದ್ದರೂ ಮೊದಲ ಗೇರಿನಲ್ಲಿ ಪೂರ್ತಿ ಒತ್ತಿದರೆ ಚಕ್ರ ಸುಮ್ಮನೆ ತಿರುಗುತ್ತದೆ, ಕಾರು ಅಲ್ಲೇ ಧೂಳೆಬ್ಬಿಸುತ್ತದೆ. ಅಲ್ಲಿ ಬೇಕಾದ್ದು ಶಿಫ್ಟ್ ಮಾಡದೆ ಓಡಿಸಬಹುದಾದ ಒಂದು ಉದ್ದನೆಯ ಗೇರು. 36 ಹಲ್ಲಿನಲ್ಲಿ ಎರಡನೇ ಗೇರೊಂದೇ 65 ಕಿಮೀವರೆಗೆ ಎಳೆಯುತ್ತದೆ, ಸಣ್ಣ ಮೈದಾನದ ಲ್ಯಾಪಿಗೆ ಅಷ್ಟು ಸಾಕು. ಇದಕ್ಕೊಂದು ಬೆಲೆ ಇದೆ ಅನ್ನುವುದನ್ನೂ ಹೇಳಬೇಕು. ಹೇರ್‌ಪಿನ್ನಿನಲ್ಲಿ ವೇಗ 25ಕ್ಕೆ ಇಳಿದಾಗ ಎರಡನೇ ಗೇರಿನಲ್ಲಿ ಎಂಜಿನ್ 3500ಕ್ಕೂ ಕೆಳಗೆ ಬಂದು ಒದ್ದಾಡುತ್ತದೆ. 45 ಇದ್ದಿದ್ದರೆ 4300ರ ಮೇಲಿರುತ್ತಿತ್ತು. ಸಿಂಗಲ್ ಸಿಲಿಂಡರಿಗೆ ಆ ವ್ಯತ್ಯಾಸ ದೊಡ್ಡದು. ಹಾಗಾಗಿ 36 ಮತ್ತು 40ರ ನಡುವೆ ಎಲ್ಲೋ ನೆಲೆ ನಿಲ್ಲಬೇಕು.

ಇಲ್ಲಿಗೆ ಬಂದರೆ ಕಡಿಮೆ ಖರ್ಚಿನ ಜಾಣತನವೊಂದು ತಾನಾಗಿಯೇ ಕಾಣುತ್ತದೆ. ಮುಂದೆ 14 ಮತ್ತು 15 ಹಲ್ಲಿನ ಎರಡು, ಹಿಂದೆ 36 ಮತ್ತು 40ರ ಎರಡು ಸ್ಪ್ರಾಕೆಟ್ ಇಟ್ಟುಕೊಳ್ಳಿ. 15/36ಕ್ಕೆ 2.40, 14/36ಕ್ಕೆ 2.57, 15/40ಕ್ಕೆ 2.67, 14/40ಕ್ಕೆ 2.86. ನಾಲ್ಕು ಚಕ್ರ, ನಾಲ್ಕು ರೇಶಿಯೊ. ಮುಂದಿನ ಸ್ಪ್ರಾಕೆಟ್ಟಿನ ಬೆಲೆ ನೂರುಗಳ ಲೆಕ್ಕದ್ದು, ಹಿಂದಿನದನ್ನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇಸರ್ ಕಟ್ ಮಾಡಿಸಿದರೂ ಸಾವಿರಗಳಲ್ಲಿ ಮುಗಿಯುತ್ತದೆ. ಕ್ವಿಕ್ ಚೇಂಜ್ ಆಕ್ಸಲ್ಲೋ, ಸಾವಿರಾರು ಡಾಲರು. ಅದರ ಮೇಲೆ ಇಬ್ಬರು ಎತ್ತಬೇಕಾದ ಪೆಟ್ಟಿಗೆಯ ವಿಮಾನ ಇಲ್ಲವೇ ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ, ಅದೆಲ್ಲದರ ಮೇಲೆ ಐಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಾಗ ‘ಇನ್ನು ತರಿಸಬಹುದು’ ಅಂತ ಕೆಲವರು ಖುಷಿಪಟ್ಟರು. ಆ ಇಳಿಕೆಯಿಂದ ಹೆಚ್ಚು ಅನುಕೂಲವಾದದ್ದು ಇಲ್ಲೇ ಪೇಟೆಯಲ್ಲಿ ಬಿಡಿಭಾಗ ಕೊಳ್ಳುವವರಿಗೆ. ಕಾಲೇಜು ಸ್ಪರ್ಧೆಯಲ್ಲಿ ಕಾರಿನ ಪ್ರತಿ ಬೋಲ್ಟಿನ ಖರ್ಚನ್ನೂ ಲೆಕ್ಕ ಕೊಟ್ಟು ಸಮರ್ಥಿಸಿಕೊಳ್ಳುವ ಕಾಸ್ಟ್ ಸುತ್ತು ಬೇರೆ ಇದೆ. ಅಲ್ಲಿ ಕ್ವಿಕ್ ಚೇಂಜನ್ನು ಸಮರ್ಥಿಸುವ ಧೈರ್ಯ ನನಗಂತೂ ಇಲ್ಲ.

ಚೈನಿನ ದೊಡ್ಡ ತಲೆನೋವು ಅಳತೆ. 520 ಅನ್ನುವ ಅಳತೆಯ ಚೈನಿನ ಒಂದು ಪಿಚ್, ಅಂದರೆ ಒಂದು ಕೊಂಡಿಯ ಉದ್ದ, 15.875 ಮಿಲಿಮೀಟರ್. ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಹೆಚ್ಚಾದರೆ ಚೈನು ಅರ್ಧ ಪಿಚ್ ಹೆಚ್ಚು ಬೇಕು. ಉದ್ದ ಅಷ್ಟೇ ಇದ್ದರೆ ಎರಡು ಶಾಫ್ಟುಗಳ ದೂರ ಕಾಲು ಪಿಚ್, ಅಂದರೆ ಹೆಚ್ಚುಕಡಿಮೆ 4 ಮಿಮೀ ಹತ್ತಿರವಾಗಬೇಕು. ಬೈಕಿನಲ್ಲಿ ಸ್ವಿಂಗ್ ಆರ್ಮಿನ ಸೀಳಿನಲ್ಲಿ ಚಕ್ರವನ್ನು ಸರಿಸಿಬಿಡುತ್ತೇವೆ. ಕಾರಿನಲ್ಲಿ ಹಿಂದಿನ ಸ್ಪ್ರಾಕೆಟ್ ಕೂರುವ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ, ಚಾಸಿಗೆ ಬಿಗಿದುಕೊಂಡಿರುತ್ತದೆ, ಅದು ಹಿಂದುಮುಂದಾದರೆ ಡ್ರೈವ್ ಶಾಫ್ಟಿನ ಕೋನವೂ ಕೆಡುತ್ತದೆ. ಹೊಸ ತಂಡಗಳು ಎಡವುವುದು ಇಲ್ಲೇ. ಕಂಪ್ಯೂಟರಿನಲ್ಲಿ ಒಂದೇ ಸ್ಪ್ರಾಕೆಟ್ ಇಟ್ಟು ಲೆಕ್ಕ ಹಾಕಿ, ಡಿಫರೆನ್ಷಿಯಲ್ ಹಿಡಿದಿಡುವ ಮೌಂಟ್ ವೆಲ್ಡ್ ಮಾಡಿಸಿ, ಆಮೇಲೆ ಎರಡು ಹಲ್ಲು ಬದಲಾಯಿಸಲೂ ಆಗದೆ ಕೂರುತ್ತಾರೆ. ‘ಚೈನು ಅನುಕೂಲವಿಲ್ಲ’ ಅನ್ನುವ ದೂರಿನ ಮೂಲ ಆ ಮೌಂಟಿನಲ್ಲಿರುತ್ತದೆ.

36 ಮತ್ತು 40 ಅಂತ ಆರಿಸಿದ್ದು ಇದಕ್ಕೇ. ನಾಲ್ಕು ಹಲ್ಲು ಅಂದರೆ ಸರಿಯಾಗಿ ಎರಡು ಪಿಚ್. ಒಂದು ಒಳಕೊಂಡಿ, ಒಂದು ಹೊರಕೊಂಡಿ ಹೆಚ್ಚಿರುವ ಇನ್ನೊಂದು ಚೈನು ಕತ್ತರಿಸಿಟ್ಟುಕೊಂಡರೆ, ಡಿಫರೆನ್ಷಿಯಲ್ಲನ್ನು ಇದ್ದಲ್ಲಿಂದ ಅಲುಗಿಸದೆ 36ರಿಂದ 40ಕ್ಕೆ ಹೋಗಬಹುದು. ಮುಂದಿನ 14, 15ರ ನಡುವಿನ 4 ಮಿಮೀಗೆ ಮತ್ತು ಚೈನು ಸವೆದು ಉದ್ದವಾಗುವುದಕ್ಕೆ ಮಾತ್ರ ಮೌಂಟಿನಲ್ಲಿ ಜಾಗವಿದ್ದರೆ ಸಾಕು. ಕಂಪನಿಯ 15/45ರಲ್ಲಿ ಮುಂದಿನ ಹಲ್ಲಿನ ಮೂರರಷ್ಟು ಹಿಂದೆ ಇರುವುದರಿಂದ ಎರಡೂ ಕಡೆ ಅದೇ ಹಲ್ಲುಗಳು ಅದೇ ತಾಳದಲ್ಲಿ ಎಳೆತಕ್ಕೆ ಬರುತ್ತಿರುತ್ತವೆ. ಸಮನಾಗಿ ಸವೆಯಬೇಕಾದರೆ ತಾಳ ತಪ್ಪುವ ಸಂಖ್ಯೆಗಳು ಒಳ್ಳೆಯವು ಅಂತ ಹಳಬರು ಹೇಳುತ್ತಾರೆ. ವರ್ಷಕ್ಕೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡುವ ಕಾರಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ತಲೆಕೆಡಿಸಿಕೊಳ್ಳಬೇಕಾದ್ದು ಸ್ಪ್ರಾಕೆಟ್ಟಿನ ನಡುವಿನ ತೂತಿಗೆ. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಒಮ್ಮೆ ಆತುರಕ್ಕೆ ಬಿದ್ದು ಹಿಂದಿನ ಸ್ಪ್ರಾಕೆಟ್ಟನ್ನು ಒಂದು ಕಡೆ ಕೊರೆಸಿದೆ. ಯಾರ ಹತ್ತಿರ ಅನ್ನುವುದು ಬೇಡ, ಅಳತೆ ನೋಡದೆ ಇಸಿದುಕೊಂಡವನು ನಾನೇ. ಹಲ್ಲು ಚಿನ್ನದ ಹಾಗಿತ್ತು, ತೂತು ಮಾತ್ರ ಅರ್ಧ ಮಿಲಿಮೀಟರ್ ಪಕ್ಕಕ್ಕೆ. ಬೆರಳಿಂದ ಚೈನು ಒತ್ತಿ ನೋಡಿದರೆ ಸಡಿಲ ಸರಿಯಾಗಿಯೇ ಇತ್ತು. ಚಕ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿದ್ದರೆ ವೀಣೆ ತಂತಿಯ ಹಾಗೆ ಬಿಗಿದಿರುವುದು ಗೊತ್ತಾಗುತ್ತಿತ್ತು. ಆ ಅರ್ಧ ಸುತ್ತು ತಿರುಗಿಸಲಿಲ್ಲ. ಅಭ್ಯಾಸದ ಏಳನೇ ಲ್ಯಾಪಿನಲ್ಲಿ ಟಕ್ ಅಂತ ಒಂದು ಸದ್ದು, ಆಮೇಲೆ ಎಂಜಿನ್ ಮಾತ್ರ ಕಿರುಚುತ್ತಿತ್ತು, ಕಾರು ನಿಂತಿತ್ತು. ಚೈನಿನ ಮೇಲಿನ ಉಕ್ಕಿನ ಕವಚದಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ಆ ಕವಚ ಇಲ್ಲದೆ ಕಾರು ಟ್ರ್ಯಾಕಿಗಿಳಿಯಬಾರದು ಅನ್ನುವ ನಿಯಮವನ್ನು ಅಲ್ಲಿಯವರೆಗೆ ಕಿರಿಕಿರಿ ಅಂದುಕೊಂಡಿದ್ದೆ.

ಚೈನು ಜೋಡಿಸುವ ಕೊಂಡಿಯಲ್ಲೂ ಇದೇ ಚೌಕಾಸಿ. ಕ್ಲಿಪ್ ಕೊಂಡಿಯಾದರೆ ಇಕ್ಕಳದಲ್ಲಿ ನಿಮಿಷದ ಕೆಲಸ, ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು ಅನ್ನುವುದೊಂದನ್ನು ಮರೆಯಬಾರದು. ರಿವೆಟ್ ಕೊಂಡಿ ಗಟ್ಟಿ, ಆದರೆ ಅದಕ್ಕೆ ಬೇರೆ ಟೂಲ್ ಬೇಕು, ಪ್ರತಿ ಸಲ ಹೊಸ ಕೊಂಡಿ ಬೇಕು. ನಾನು ಅಭ್ಯಾಸಕ್ಕೆ ಕ್ಲಿಪ್ಪು, 22 ಕಿಲೋಮೀಟರಿನ ಎಂಡ್ಯೂರೆನ್ಸ್ ಓಟಕ್ಕೆ ರಿವೆಟ್ಟು ಅನ್ನುವವನು.

ಅನುಕೂಲದ ಬೆಲೆ ಊರಿನ ಮೇಲೂ ನಿಂತಿರುತ್ತದೆ. ಫಾರ್ಮುಲಾ ಭಾರತ್ ನಡೆಯುವುದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ರೇಸಿಗ ಕರಿವರ್ಧನ್ ಹೆಸರಿನ ಟ್ರ್ಯಾಕು ಅದು. ಇಲ್ಲಿಂದ ಹೋಗುವುದು ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿದು. ರಾತ್ರಿ ಆ ದಾರಿಯಲ್ಲಿ ಸಂಚಾರ ನಿರ್ಬಂಧ. ಮರೆತ 14 ಹಲ್ಲಿನ ಸ್ಪ್ರಾಕೆಟ್ಟನ್ನು ಸಂಜೆ ಫೋನ್ ಮಾಡಿ ಮೈಸೂರಿನಿಂದ ತರಿಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಆದರೆ ಕೊಯಮತ್ತೂರು ಚೈನಿನ ತವರು, ರೋಲಾನ್ ಚೈನು ಮಾಡುವ ಎಲ್‌ಜಿಬಿ ಅಲ್ಲಿನದೇ. ಕೈಬಿಟ್ಟುಹೋದ ಕೊಂಡಿಯನ್ನು ಪೇಟೆಯಲ್ಲಿ ಹುಡುಕಿಕೊಳ್ಳಬಹುದು. ಅಮೆರಿಕದ ಗೇರು ಮುರಿದರೆ ಯಾವ ಪೇಟೆಗೆ ಹೋಗುವುದು? ತಮಾಷೆ ಏನೆಂದರೆ ಆ ಚೈನು ಕಂಪನಿಯ ಹೆಸರು ಹೊತ್ತ ಫಾರ್ಮುಲಾ ಎಲ್‌ಜಿಬಿ ಕಾರಿನಲ್ಲಿ ಚೈನೇ ಇಲ್ಲ. ಅದು ಮಾರುತಿ ಎಂಜಿನ್ನು, ಮಾರುತಿ ಗೇರ್‌ಬಾಕ್ಸಿನ ಕಾರು.

ಮಂಡ್ಯದ ಕಡೆ ಬಾಹಾ ಬಗ್ಗಿ ಕಟ್ಟುವವರ ಮಾತು ಬೇರೆ. ಕಲ್ಲುಗುಂಡಿಯಲ್ಲಿ ಹಾರುವ ಆ ಗಾಡಿಗಳಿಗೆ ಮೂರು ಚಕ್ರದ ಗೂಡ್ಸ್ ಆಟೊದ ಗೇರ್‌ಬಾಕ್ಸನ್ನು ಡಿಫರೆನ್ಷಿಯಲ್ ಸಮೇತ ಎತ್ತಿ ಕೂರಿಸುವವರು ಬಹಳ. ರೇಶಿಯೊ ಬದಲಾಯಿಸುವ ಪ್ರಶ್ನೆಯೇ ಇಲ್ಲ, ಕೆಟ್ಟರೆ ಯಾವ ಆಟೊ ಗ್ಯಾರೇಜಿನಲ್ಲೂ ರಿಪೇರಿ. ಆ ಆಟಕ್ಕೆ ಅದೇ ಸರಿ.

ಒಂದೇ ಒಂದು ಕಡೆ ನನ್ನ ವಾದ ಸಡಿಲವಾಗುತ್ತದೆ. ಕಾಲೇಜು ತಂಡಗಳು ಈಗ ಒಂದೊಂದಾಗಿ ಎಲೆಕ್ಟ್ರಿಕ್ ವಿಭಾಗಕ್ಕೆ ಜಿಗಿಯುತ್ತಿವೆ. ಮೋಟಾರಿನಿಂದ ಚಕ್ರಕ್ಕೆ ಒಂದೇ ರೇಶಿಯೊ, ನಡುವೆ ಗೇರ್‌ಬಾಕ್ಸ್ ಇಲ್ಲ. ಅಂದರೆ ನಾವು ಸುತ್ತು ಹೊಡೆದು ಮಿಡ್ಜೆಟ್ ಕಾರಿನ ಬಡತನಕ್ಕೇ ಬಂದು ನಿಂತೆವು. ಸೊನ್ನೆಯಿಂದಲೇ ಟಾರ್ಕ್ ಕೊಡುವ ಮೋಟಾರು ತಪ್ಪು ರೇಶಿಯೊವನ್ನು ಬಹಳಷ್ಟು ಸಹಿಸಿಕೊಳ್ಳುತ್ತದೆ ನಿಜ, ಆದರೂ 75 ಮೀಟರಿಗೆ ಹೊಂದಿದ ಹಲ್ಲು 22 ಕಿಲೋಮೀಟರಿಗೆ ಹೊಂದುವುದಿಲ್ಲ. ಒಂದರಲ್ಲಿ ಎಳೆತ ಮುಖ್ಯ, ಇನ್ನೊಂದರಲ್ಲಿ ಮೋಟಾರು ಬಿಸಿಯಾಗದೆ ಬ್ಯಾಟರಿ ಉಳಿಸುವುದು. ಎಲೆಕ್ಟ್ರಿಕ್ ಕಾರಿಗೆ ಸ್ಪರ್ಧೆಯಿಂದ ಸ್ಪರ್ಧೆಗೆ ಹಲ್ಲು ಬದಲಾಯಿಸಬೇಕಾಗಬಹುದು, ಆಗ ಅನುಕೂಲಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವುದು ದಂಡವಲ್ಲ. ಆ ನಾಲ್ಕು ಕಾಸನ್ನೂ ನಾನಾದರೆ ಗೋಕಾರ್ಟಿನ ಹಾಗೆ ಎರಡು ಹೋಳಾಗಿ ಬಿಚ್ಚಿಬರುವ ಸ್ಪ್ರಾಕೆಟ್ಟಿಗೆ ಹಾಕುತ್ತೇನೆ. ಹಬ್ ಬಿಚ್ಚಬೇಕಿಲ್ಲ, ಶಾಫ್ಟ್ ಎಳೆಯಬೇಕಿಲ್ಲ.

ಆ ಸಂಜೆ ಶೆಡ್ಡಿನಲ್ಲಿ ಕೊನೆಗೆ ನಡೆದದ್ದು ಇಷ್ಟು. ಹುಡುಗ ಮೊಬೈಲ್ ಜೇಬಿಗಿಟ್ಟ. ಡಿಫರೆನ್ಷಿಯಲ್ ಮೌಂಟಿನ ಪ್ಲೇಟಿನ ಮೇಲೆ ವೆಲ್ಡರು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ದುಂಡನೆಯ ತೂತನ್ನು ಉದ್ದನೆಯ ಸೀಳು ಮಾಡಲು ಎಷ್ಟು ಬೇಕು ಅಂತ ಕೇಳಿದ. ಹನ್ನೆರಡು ಮಿಲಿಮೀಟರ್ ಅಂದ ಹುಡುಗ. ‘ನಾಲ್ಕು ಹಲ್ಲಿಗೆ, ಚೈನು ಸವೆಯೋದಕ್ಕೆ ಸೇರಿ ಎಂಟು ಸಾಕು ಅಂತ ಈಗ ತಾನೆ ಇವರು ಹೇಳಿದ್ರಲ್ಲ’ ಅಂತ ವೆಲ್ಡರು ನನ್ನ ಕಡೆ ನೋಡಿದ. ನಾಲ್ಕು ಹಲ್ಲಿಗಲ್ಲ ಮಾರಾಯ, ನಾಲ್ಕು ಮಿಲಿಮೀಟರಿಗೆ ಅಂದೆ. ಸೀಮೆಸುಣ್ಣದ ಗೆರೆ ಅಳಿಸಿ ಮತ್ತೆ ಎಳೆದ.